ಅಯಸ್ಕಾಂತ ತೆಗೆದ ಮೇಲೆ

ಪ್ರಯೋಗಾಲಯದಲ್ಲಿ ಅಂಗ ಬೆಳೆಸುವ ಮಾತು ಟೊರೊಂಟೊಗೆ ಹೊಸದಲ್ಲ. ಕಾಂಡಕೋಶಗಳಿವೆ ಎಂಬುದಕ್ಕೆ ಗಟ್ಟಿಯಾದ ಪ್ರಾಯೋಗಿಕ ಸಾಕ್ಷ್ಯ ಮೊದಲು ಸಿಕ್ಕಿದ್ದು ಇದೇ ಊರಿನಲ್ಲಿ. ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಾಕ್ ವಿಕಿರಣಕ್ಕೊಡ್ಡಿದ ಇಲಿಗಳಿಗೆ ಅಸ್ಥಿಮಜ್ಜೆಯ ಕೋಶಗಳನ್ನು ಕೊಟ್ಟು, ಅವುಗಳ ಗುಲ್ಮದ ಮೇಲೆ ಎದ್ದ ಸಣ್ಣ ಗಂಟುಗಳನ್ನು ಎಣಿಸಿ 1961ರಲ್ಲಿ ಅದನ್ನು ತೋರಿಸಿಕೊಟ್ಟರು. 1990ರ ದಶಕದ ಕೊನೆಯಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಮೈಕಲ್ ಸೆಫ್ಟನ್, ಕಸಿಗೆ ಒದಗುವಂಥ ಇಡೀ ಹೃದಯವನ್ನು ಸುಮಾರು ಒಂದು ದಶಕದಲ್ಲಿ ಕಟ್ಟಬೇಕೆಂಬ ಯೋಜನೆಯನ್ನು ಮುಂದಿಟ್ಟು ಹಲವೆಡೆಯ ವಿಜ್ಞಾನಿಗಳನ್ನು ಅದಕ್ಕೆ ಕೂಡಿಸಿದರು. ಆ ಗಡುವು ಮುಗಿದು ಬಹಳ ಕಾಲವಾಯಿತು, ಹೃದಯ ಮಾತ್ರ ಬಂದಿಲ್ಲ. ಇದನ್ನು ಸೋಲು ಎಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಹೃದಯ ಏಕೆ ಬರಲಿಲ್ಲ ಎಂದು ಕೇಳಿದರೆ ಸಿಗುವ ಉತ್ತರ, ಈಚೆಗೆ ಹೆಚ್ಚು ಸದ್ದು ಮಾಡುತ್ತಿರುವ ಇನ್ನೊಂದು ವಿಧಾನವನ್ನು ತೂಗಿನೋಡಲು ಒಳ್ಳೆಯ ಮಾನದಂಡವಾಗುತ್ತದೆ. ಕೋಶಗಳಿಗೆ ಕಬ್ಬಿಣದ ನ್ಯಾನೊಕಣಗಳನ್ನು ತಿನ್ನಿಸಿ, ಅಯಸ್ಕಾಂತದಿಂದ ಅವನ್ನು ಬೇಕಾದಲ್ಲಿಗೆ ಎಳೆದು ಜೋಡಿಸಿ, ಅಂಗಾಂಶ ಕಟ್ಟುವ ವಿಧಾನ ಅದು.

ಅದರ ಕೆಲಸ ನೋಡಲು ಮಾಯೆಯಂತಿದ್ದರೂ ಹಿಂದಿರುವ ಲೆಕ್ಕ ಸರಳ. ಕಬ್ಬಿಣದ ಆಕ್ಸೈಡಿನ ಕಣ ಹತ್ತು ನ್ಯಾನೊಮೀಟರಿನ ಆಸುಪಾಸಿಗೆ ಇಳಿದಾಗ ಅದಕ್ಕೊಂದು ವಿಚಿತ್ರ ಗುಣ ಬರುತ್ತದೆ: ಅಯಸ್ಕಾಂತ ಹತ್ತಿರವಿದ್ದಾಗ ಜೋರಾಗಿ ಸೆಳೆಯಲ್ಪಡುತ್ತದೆ, ದೂರವಾದೊಡನೆ ಕಾಂತತೆಯನ್ನು ಮರೆತುಬಿಡುತ್ತದೆ. ಮರೆಯದಿದ್ದರೆ ಕಣಗಳು ಒಂದಕ್ಕೊಂದು ಅಂಟಿಕೊಂಡು ಗರಣೆಗಟ್ಟುತ್ತಿದ್ದವು. ಇಂಥ ಕಣಗಳನ್ನು ಕೋಶಗಳಿರುವ ದ್ರವಕ್ಕೆ ಬೆರೆಸಿ ಒಂದು ರಾತ್ರಿ ಬಿಟ್ಟರೆ ಕೋಶಗಳು ಅವನ್ನು ನುಂಗಿಕೊಳ್ಳುತ್ತವೆ. ಪ್ರತಿ ಕೋಶದೊಳಗೆ ಹತ್ತಿಪ್ಪತ್ತು ಪಿಕೋಗ್ರಾಂ ಕಬ್ಬಿಣ ಸೇರುತ್ತದೆ. ಹದಿನೈದು ಮೈಕ್ರೊಮೀಟರ್ ಅಗಲದ ಕೋಶಕ್ಕೆ ನೀರಿನಂಥ ದ್ರವದಲ್ಲಿ ಉಳಿಯುವ ತೂಕ ಹೆಚ್ಚೆಂದರೆ ಒಂದು ಪಿಕೋನ್ಯೂಟನ್. ತಟ್ಟೆಯ ಮುಚ್ಚಳದ ಮೇಲೆ ನಾಣ್ಯದಷ್ಟು ನಿಯೋಡಿಮಿಯಮ್ ಅಯಸ್ಕಾಂತ ಇಟ್ಟರೆ ಆ ಕಬ್ಬಿಣದ ಮೇಲೆ ಬೀಳುವ ಸೆಳೆತ ಅದರ ಹಲವು ಪಟ್ಟು. ತಳಕ್ಕೆ ಕುಸಿಯಬೇಕಿದ್ದ ಕೋಶಗಳು ಮೇಲೆದ್ದು ಗಾಳಿ ಮತ್ತು ದ್ರವ ಕೂಡುವೆಡೆ ಒತ್ತಟ್ಟಿಗೆ ಸೇರುತ್ತವೆ. ಒಂದು ದಿನದೊಳಗೆ ಅವು ಪರಸ್ಪರ ಹಿಡಿದುಕೊಂಡು ಗುಂಡಗಾಗುತ್ತವೆ. ಗ್ಲಾಕೊ ಸೌಜಾ ಮತ್ತು ಸಂಗಡಿಗರು ಹ್ಯೂಸ್ಟನ್ನಿನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಹೀಗೆ ತೇಲಿಸಿ ಬೆಳೆಸಿದ ಮಿದುಳು ಗೆಡ್ಡೆಯ ಕೋಶಗಳು, ಕೋಶಕೋಶಗಳನ್ನು ಬೆಸೆಯುವ ಪ್ರೋಟೀನೊಂದನ್ನು ತೋರಿಸಿದ ರೀತಿ ಚಪ್ಪಟೆ ತಟ್ಟೆಯಲ್ಲಿ ಬೆಳೆದವಕ್ಕಿಂತ ಇಲಿಯ ಮೈಯಲ್ಲಿ ಬೆಳೆದ ಗೆಡ್ಡೆಗೆ ಹತ್ತಿರವಾಗಿತ್ತು. ಇದಕ್ಕೂ ಮೊದಲೇ, 2004ರ ಹೊತ್ತಿಗೆ, ನಗೋಯಾ ವಿಶ್ವವಿದ್ಯಾಲಯದ ಅಕಿರಾ ಇತೊ ಮತ್ತು ಹಿರೊಯುಕಿ ಹೊಂಡಾ ತಂಡ ಅಯಸ್ಕಾಂತವನ್ನು ತಟ್ಟೆಯ ಕೆಳಗಿಟ್ಟು ಚರ್ಮದ ಕೋಶಗಳನ್ನು ಪದರದ ಮೇಲೆ ಪದರವಾಗಿ ಒತ್ತಿಸಿತ್ತು. ಅಂಟದ ತಟ್ಟೆಯಾದ್ದರಿಂದ ಅಯಸ್ಕಾಂತ ಸರಿಸಿದರೆ ಹಾಳೆ ತಾನೇ ಮೇಲೇಳುತ್ತಿತ್ತು, ಕಿಣ್ವ ಹಾಕಿ ಕೆರೆದು ಹರಿಯುವ ಪ್ರಮೇಯವಿರಲಿಲ್ಲ.

ಈ ಎರಡೂ ಪ್ರಯೋಗಗಳಲ್ಲಿ ಅಯಸ್ಕಾಂತ ಮಾಡಿದ್ದು ಏನು? ಕೋಶಗಳನ್ನು ಹತ್ತಿರ ತಂದದ್ದು, ಅವು ತಮ್ಮ ಕೆಲಸ ಮಾಡಿಕೊಳ್ಳುವವರೆಗೆ ಹಿಡಿದು ನಿಲ್ಲಿಸಿದ್ದು, ಅಷ್ಟೆ. ಕೋಶಗಳನ್ನು ಒಂದಕ್ಕೊಂದು ಬೆಸೆದದ್ದೂ ಸುತ್ತ ಕೊಲಾಜನ್ನಿನಂಥ ಜಾಲವನ್ನು ಹೆಣೆದದ್ದೂ ಕೋಶಗಳೇ. ತಾರಸಿ ಹಾಕುವಾಗ ಕಾಂಕ್ರೀಟಿನ ಕೆಳಗೆ ಕಟ್ಟುವ ಸೆಂಟ್ರಿಂಗಿನ ಕೆಲಸ ಇದು. ಸೆಂಟ್ರಿಂಗ್ ಎಷ್ಟು ಚೆನ್ನಾಗಿ ನಿಂತಿತ್ತು ಎಂದು ಯಾರೂ ಮನೆಯನ್ನು ಹೊಗಳುವುದಿಲ್ಲ. ಬಿಚ್ಚಿದ ಮೇಲೆ ತಾರಸಿ ನಿಂತಿತೇ ಎಂಬುದೇ ಪ್ರಶ್ನೆ. ಕಾಂತೀಯ ಜೋಡಣೆಯ ಕುರಿತ ಬರಹಗಳಲ್ಲಿ ಹೆಚ್ಚಿನವು ಈ ಪ್ರಶ್ನೆಯ ಹೊಸ್ತಿಲಲ್ಲೇ ನಿಂತುಬಿಡುತ್ತವೆ. ಕೋಶಗಳು ಉಂಗುರವಾದವು, ಕೊಳವೆಯಾದವು, ತೇಲಿದವು ಎಂಬ ಚಿತ್ರಗಳಿಗೆ ಬರವಿಲ್ಲ. ಅಯಸ್ಕಾಂತ ತೆಗೆದು ವಾರ ಕಳೆದ ಮೇಲೆ ಆ ಕೊಳವೆಯ ನಡುವಿನ ಕೋಶಗಳು ಬದುಕಿದ್ದವೇ, ಮಾಡಬೇಕಾದ ಕೆಲಸ ಮಾಡುತ್ತಿದ್ದವೇ ಎಂಬ ವಿವರ ಅಷ್ಟು ಧಾರಾಳವಾಗಿ ಸಿಗುವುದಿಲ್ಲ. ಈ ವಿಧಾನದ ಬೆಲೆ ಗೊತ್ತಾಗುವುದು ಅಲ್ಲಿ. ಆ ಅಳತೆಗೋಲು ಹಿಡಿದರೆ ಅಯಸ್ಕಾಂತಕ್ಕೆ ನಿಜವಾದ ಜಾಗವೊಂದಿದೆ. ಅದು ಪತ್ರಿಕೆಗಳ ತಲೆಬರಹದಲ್ಲಿ ಕಾಣುವ ಜಾಗಕ್ಕಿಂತ ಚಿಕ್ಕದು, ಆದರೆ ಹೆಚ್ಚು ಭದ್ರವಾದದ್ದು.

ಟೊರೊಂಟೊದ ಪ್ರಯೋಗಾಲಯಗಳಲ್ಲಿ ಅಯಸ್ಕಾಂತ ಗೆದ್ದಿರುವ ಕಡೆಗಳನ್ನು ನೋಡಿದರೂ ಇದೇ ಕಾಣುತ್ತದೆ. ಶಾನಾ ಕೆಲ್ಲಿ ಇಲ್ಲಿದ್ದಾಗ ಅವರ ತಂಡ ರಕ್ತದಲ್ಲಿ ಅಲೆಯುವ ಕ್ಯಾನ್ಸರ್ ಕೋಶಗಳಿಗೆ ಪ್ರತಿಕಾಯಗಳ ಮೂಲಕ ಕಾಂತೀಯ ನ್ಯಾನೊಕಣಗಳನ್ನು ಅಂಟಿಸಿ, ಸಣ್ಣ ಚಿಪ್ಪಿನೊಳಗೆ ಹರಿಸಿ, ಮೈಮೇಲೆ ಯಾವ ಪ್ರೋಟೀನ್ ಎಷ್ಟಿದೆ ಎಂಬುದರ ಮೇಲೆ ಅವುಗಳನ್ನು ವಿಂಗಡಿಸುವ ವಿಧಾನವನ್ನು 2017ರಲ್ಲಿ ಪ್ರಕಟಿಸಿತು. ಯು ಸುನ್ ಅವರ ತಂಡ 2019ರಲ್ಲಿ ಒಂದು ಮೈಕ್ರೊಮೀಟರಿಗಿಂತ ಚಿಕ್ಕ ಕಾಂತೀಯ ಮಣಿಯೊಂದನ್ನು ಜೀವಂತ ಕೋಶದೊಳಗೆ ಸೇರಿಸಿ, ಸುತ್ತಲಿನ ವಿದ್ಯುತ್ಕಾಂತಗಳಿಂದ ಅದನ್ನು ಬೇಕಾದತ್ತ ನಡೆಸಿ, ಕೋಶಕೇಂದ್ರವನ್ನು ಒತ್ತಿ ಅದರ ಬಿಗಿಯನ್ನು ಅಳೆದು ತೋರಿಸಿತು. ಅದೇ ತಂಡ ಸಿಕ್‌ಕಿಡ್ಸ್ ಮಕ್ಕಳ ಆಸ್ಪತ್ರೆಯ ಸಂಶೋಧಕರೊಡನೆ ಸೇರಿ 2023ರಲ್ಲಿ, ಔಷಧಿಗೆ ಬಗ್ಗದ ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳು ಗೆಡ್ಡೆಯ ಕೋಶಗಳನ್ನು ಕಬ್ಬಿಣ ತುಂಬಿದ ಇಂಗಾಲದ ನ್ಯಾನೊಕೊಳವೆಗಳಿಂದ, ತಿರುಗುವ ಕಾಂತಕ್ಷೇತ್ರದ ಬಲದಲ್ಲಿ ಒಳಗಿನಿಂದಲೇ ಘಾಸಿಗೊಳಿಸುವ ಪ್ರಯೋಗವನ್ನು ಇಲಿಗಳಲ್ಲಿ ನಡೆಸಿತು. ವಿಂಗಡಿಸುವುದು, ಒತ್ತಿ ನೋಡುವುದು, ಕೊಲ್ಲುವುದು: ಮೂರರಲ್ಲೂ ಕೆಲಸ ಮುಗಿದ ಮೇಲೆ ಅಯಸ್ಕಾಂತದ ಹಂಗು ಮುಗಿಯಿತು. ಕಟ್ಟುವುದು ಹಾಗಲ್ಲ. ಕಟ್ಟಿದ್ದು ಬಾಳಬೇಕು.

ಬಾಳಲು ಬೇಕಾದದ್ದು ರಕ್ತನಾಳ. ಆಮ್ಲಜನಕ ಅಂಗಾಂಶದೊಳಗೆ ತಾನಾಗಿ ನುಸುಳಿ ಹೋಗುವ ದೂರ ನೂರರಿಂದ ಇನ್ನೂರು ಮೈಕ್ರೊಮೀಟರ್, ಅದರಾಚೆಗಿನ ಕೋಶಕ್ಕೆ ಹತ್ತಿರದಲ್ಲೊಂದು ಲೋಮನಾಳವಿಲ್ಲದಿದ್ದರೆ ಉಸಿರುಗಟ್ಟುತ್ತದೆ. ಸೆಫ್ಟನ್ ಹೃದಯ ತಡೆದು ನಿಂತದ್ದು ಈ ಗೋಡೆಯ ಮುಂದೆ, ಆ ಪಾಠವನ್ನು ಬೇಗ ಕಲಿತವರಲ್ಲಿ ಸೆಫ್ಟನ್ ಅವರೂ ಒಬ್ಬರು. 2006ರಲ್ಲಿ ಅವರೂ ಆಲಿಸನ್ ಮೆಕ್ಗುಯಿಗನ್ ಅವರೂ ಪ್ರಕಟಿಸಿದ ಕೆಲಸದಲ್ಲಿ ಇಡೀ ಅಂಗದ ಆಸೆ ಬಿಟ್ಟು ಬಿಡಿಭಾಗಗಳಿಂದ ಹೊರಟರು. ಒಂದು ಮಿಲಿಮೀಟರಿಗೂ ಕಿರಿದಾದ ಕೊಲಾಜನ್ ಸಿಲಿಂಡರುಗಳು, ಒಳಗೆ ಯಕೃತ್ತಿನ ಕೋಶಗಳು, ಮೈಮೇಲೆ ರಕ್ತನಾಳದ ಒಳಪದರದ ಕೋಶಗಳು. ಅವುಗಳನ್ನು ಒಂದು ಕೊಳವೆಯಲ್ಲಿ ಸುಮ್ಮನೆ ಸುರಿದರೆ ನಡುನಡುವೆ ಉಳಿಯುವ ಸಂದುಗಳೇ ರಕ್ತ ಹರಿಯುವ ದಾರಿ. ಜೋಡಣೆ ಅಚ್ಚುಕಟ್ಟಾಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ, ಹರಿವು ಇತ್ತು. ಕೋಶವನ್ನು ಎಲ್ಲಿಡಬೇಕು ಎಂಬುದಕ್ಕಿಂತ ಅದಕ್ಕೆ ಊಟ ಹೇಗೆ ತಲುಪಬೇಕು ಎಂಬುದು ಮೊದಲ ಪ್ರಶ್ನೆ ಎಂದು ಅದು ತೋರಿಸಿಕೊಟ್ಟಿತು. ಹತ್ತು ವರ್ಷಗಳ ನಂತರ, 2016ರಲ್ಲಿ, ಮಿಲಿಸಾ ರಾಡಿಸಿಕ್ ಅವರ ತಂಡ ಇದೇ ವಿಶ್ವವಿದ್ಯಾಲಯದಲ್ಲಿ ಇದರ ಎದುರು ತುದಿಯಿಂದ ಹೊರಟಿತು: ಮೈಯಲ್ಲಿ ಕರಗುವ ಪಾಲಿಮರಿನಲ್ಲಿ ಮೊದಲು ನಾಳಗಳ ಜಾಲವನ್ನು ಕೆತ್ತಿ, ಆಮೇಲೆ ಅದರ ಸುತ್ತ ಹೃದಯದ ಇಲ್ಲವೇ ಯಕೃತ್ತಿನ ಕೋಶಗಳನ್ನು ಕೂಡಿಸಿ, ಆ ತುಣುಕನ್ನು ಇಲಿಯ ತೊಡೆಯ ರಕ್ತನಾಳಕ್ಕೆ ನೇರವಾಗಿ ಹೊಲಿಯಿತು. ಆಂಜಿಯೊಚಿಪ್ ಎಂದು ಅದಕ್ಕೆ ಹೆಸರು. ಈ ಎರಡು ಕೆಲಸಗಳ ಪಕ್ಕಕ್ಕಿಟ್ಟು ನೋಡಿದಾಗ, ಕೋಶಗಳ ದಪ್ಪ ಮುದ್ದೆಯೊಂದನ್ನು ದ್ರವದಲ್ಲಿ ಮೇಲೆತ್ತಿ ತೋರಿಸುವ ಕಾಂತೀಯ ಪ್ರದರ್ಶನ ಪ್ರಶ್ನೆಯ ಸುಲಭದ ಅರ್ಧವನ್ನಷ್ಟೇ ಬಿಡಿಸಿದೆ ಎನ್ನಬೇಕಾಗುತ್ತದೆ.

ಹಾಗಾದರೆ ಅಯಸ್ಕಾಂತ ಬೇಡವೇ ಬೇಡ, ಮುದ್ರಕಗಳು ಬಂದಿವೆಯಲ್ಲ ಎನ್ನುವವರುಂಟು. ಆಕ್ಸೆಲ್ ಗುಂಥರ್ ಅವರ ಟೊರೊಂಟೊ ತಂಡ 2018ರಲ್ಲಿ ತೋರಿಸಿದ, ಒಂದು ಕಿಲೋಗಿಂತ ಹಗುರವಾದ ಕೈಯಲ್ಲಿ ಹಿಡಿಯುವ ಚರ್ಮಮುದ್ರಕ ಅದಕ್ಕೆ ಒಳ್ಳೆಯ ಉದಾಹರಣೆ. ಸುಟ್ಟ ಗಾಯದ ಮೇಲೆ ಕೋಶ ಬೆರೆತ ಜೆಲ್ಲನ್ನು ಪಟ್ಟಿಪಟ್ಟಿಯಾಗಿ ಹಾಸಿಕೊಂಡು ಹೋಗುತ್ತದೆ. ಬೆಂಗಳೂರಿನ ಪಂಡೋರಂ ಸಂಸ್ಥೆ ಯಕೃತ್ತಿನ ಅಂಗಾಂಶ ಮುದ್ರಿಸಿದ ಸುದ್ದಿ 2015ರಲ್ಲೇ ಕನ್ನಡ ಪತ್ರಿಕೆ ಓದುವವರನ್ನೂ ಮುಟ್ಟಿರಬೇಕು. ಆದರೆ ಮುದ್ರಕಕ್ಕೆ ಕೋಶವನ್ನು ಹಿಡಿದಿಡುವ ಜೆಲ್ ಬೇಕು, ಕೋಶಗಳನ್ನು ಕಿರಿದಾದ ಮೂತಿಯಿಂದ ಒತ್ತಿ ಹೊರದೂಡಬೇಕು, ಆ ಒತ್ತಡಕ್ಕೆ ಕೆಲವು ಸಾಯುತ್ತವೆ, ಉಳಿದವುಗಳ ನಡುವೆ ಜೆಲ್ ಅಡ್ಡ ಕೂತಿರುತ್ತದೆ. ಅಯಸ್ಕಾಂತದ ಜೋಡಣೆಯಲ್ಲಿ ಕೋಶಕ್ಕೆ ಕೋಶವೇ ಪಕ್ಕದ ಮನೆ. ಹೃದಯ ಸ್ನಾಯುವಿನಂಥಲ್ಲಿ, ಒಂದು ಕೋಶದ ವಿದ್ಯುತ್ ಮಿಡಿತ ಇನ್ನೊಂದಕ್ಕೆ ದಾಟಬೇಕಾದಲ್ಲಿ, ಈ ಒತ್ತೊತ್ತಾದ ನೆರೆಹೊರೆಗೆ ಬೆಲೆಯಿದೆ. ಅದೂ ಅಲ್ಲದೆ ಅಯಸ್ಕಾಂತ ಜೋಡಿಸುವುದಕ್ಕಷ್ಟೇ ಅಲ್ಲ, ಸಾಮು ಮಾಡಿಸುವುದಕ್ಕೂ ಬರುತ್ತದೆ. ಪ್ಯಾರಿಸ್ಸಿನಲ್ಲಿ ಕ್ಲೇರ್ ವಿಲ್ಹೆಲ್ಮ್ ಮತ್ತು ಸಂಗಡಿಗರು 2017ರಲ್ಲಿ ಭ್ರೂಣ ಕಾಂಡಕೋಶಗಳ ಕಾಂತೀಯ ಗುಂಡನ್ನು ಎರಡು ಅಯಸ್ಕಾಂತಗಳ ನಡುವೆ ಸಿಕ್ಕಿಸಿ, ಹೃದಯ ಬಡಿತದಂತೆ ಎಳೆದು ಬಿಟ್ಟು ಮಾಡಿದಾಗ ಅವು ಹೃದಯಕೋಶಗಳಾಗುವ ದಾರಿಗೆ ಹೊರಳಿದವು. ನನ್ನ ವಾದಕ್ಕೆ ಬಂದ ನಿಜವಾದ ಅಪವಾದ ಇದು, ಇಲ್ಲಿ ಅಯಸ್ಕಾಂತದ ಪಾತ್ರ ಕೋಶಗಳನ್ನು ಹಿಡಿದಿಡುವುದನ್ನು ಮೀರುತ್ತದೆ. ಆದರೆ ರಾಡಿಸಿಕ್ ತಂಡ 2013ರಲ್ಲಿ ತೋರಿಸಿದ ಬಯೋವೈರಿನಲ್ಲಿ ಅದಕ್ಕೆ ಹತ್ತಿರದ ಫಲ ಬೇರೆ ದಾರಿಯಲ್ಲಿ ಬಂದಿತ್ತು. ಶಸ್ತ್ರಚಿಕಿತ್ಸೆಯ ಹೊಲಿಗೆ ದಾರದ ಸುತ್ತ ಹೃದಯಕೋಶಗಳನ್ನು ಬೆಳೆಸಿ, ಸೆಕೆಂಡಿಗೆ 1 ಬಾರಿಯಿಂದ 6 ಬಾರಿಯವರೆಗೆ ಒಂದು ವಾರದಲ್ಲಿ ಮೆಲ್ಲಮೆಲ್ಲನೆ ಏರಿಸಿದ ವಿದ್ಯುತ್ ಮಿಡಿತ ಕೊಟ್ಟಾಗ ಕೋಶಗಳು ಬಲಿತವು. ಅಲ್ಲಿ ಕೋಶದೊಳಗೆ ಏನನ್ನೂ ತುರುಕಬೇಕಾಗಿರಲಿಲ್ಲ. ಅಯಸ್ಕಾಂತ ಗೆಲ್ಲಬೇಕಾದರೆ ಈ ದಾರದೆದುರು ಗೆಲ್ಲಬೇಕು.

ತುರುಕಿದ್ದರ ಗತಿ ಏನು ಎಂಬುದು ಎಲ್ಲರೂ ಮೊದಲು ಎತ್ತುವ ಆಕ್ಷೇಪ. ನ್ಯಾನೊಕಣ ಎಂದೊಡನೆ ವಿಷ ಎನ್ನುವ ಭಯ ಸಹಜ, ಆದರೆ ಇಲ್ಲಿ ಭಯಕ್ಕಿಂತ ಗುಣಾಕಾರ ಹೆಚ್ಚು ನೆರವಾಗುತ್ತದೆ. ಒಂದು ಘನ ಸೆಂಟಿಮೀಟರ್ ಅಂಗಾಂಶದಲ್ಲಿ ಸುಮಾರು 10 ಕೋಟಿ ಕೋಶಗಳಿವೆ ಎನ್ನೋಣ. ಒಂದೊಂದರಲ್ಲಿ 10 ಪಿಕೋಗ್ರಾಂ ಕಬ್ಬಿಣವಿದ್ದರೆ ಒಟ್ಟು ಒಂದು ಮಿಲಿಗ್ರಾಂ. ಸವೆದ ಕೆಂಪು ರಕ್ತಕಣಗಳಿಂದ ನಮ್ಮ ದೇಹ ದಿನವೂ ಬಿಡಿಸಿ ಮರಳಿ ಬಳಸುವ ಕಬ್ಬಿಣವೇ ಇಪ್ಪತ್ತು ಮಿಲಿಗ್ರಾಂ ಮೀರುತ್ತದೆ. ಒಂದು ಬಾಟಲಿ ರಕ್ತ ಕೊಟ್ಟರೆ ಒಳಸೇರುವುದು ಇನ್ನೂರಕ್ಕೂ ಹೆಚ್ಚು ಮಿಲಿಗ್ರಾಂ. ಸಣ್ಣ ತೇಪೆಯ ಮಟ್ಟಿಗೆ ಕಬ್ಬಿಣದ ಮೊತ್ತ ಭಯಪಡುವಂಥದ್ದಲ್ಲ. ಆದರೆ ಅದೇ ಲೆಕ್ಕವನ್ನು ಒಂದೂವರೆ ಕಿಲೋ ತೂಗುವ ಯಕೃತ್ತಿಗೆ ಹಿಗ್ಗಿಸಿದರೆ ಒಂದೂವರೆ ಗ್ರಾಂ ಆಗುತ್ತದೆ, ಮನುಷ್ಯನ ಇಡೀ ಮೈಯಲ್ಲಿರುವ ಕಬ್ಬಿಣವೇ ಮೂರ್ನಾಲ್ಕು ಗ್ರಾಂ. ಜೊತೆಗೆ ಭೌತಶಾಸ್ತ್ರದ ಅಡ್ಡಿಯೂ ಇದೆ: ಸಣ್ಣ ಅಯಸ್ಕಾಂತದಿಂದ ಸಾಕಷ್ಟು ದೂರ ಸರಿದ ಮೇಲೆ, ದೂರ ಇಮ್ಮಡಿಯಾದಾಗ ಕಣದ ಮೇಲಿನ ಸೆಳೆತ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ, ಕೆಲವೊಮ್ಮೆ ಇನ್ನೂ ಕೆಳಗೆ. ತಟ್ಟೆಯ ಗುಳಿಯಲ್ಲಿ ಸಲೀಸಾಗಿ ನಡೆದದ್ದು ಅಂಗದ ಗಾತ್ರದಲ್ಲಿ ನಡೆಯದು. ಸಣ್ಣದರಲ್ಲಿ ನಿರಪಾಯ, ದೊಡ್ಡದರಲ್ಲಿ ಅಸಾಧ್ಯ ಎಂದು ಎರಡು ಬೇರೆ ಬೇರೆ ಕಾರಣಗಳು ಒಂದೇ ಕಡೆಗೆ ಬೆರಳು ಮಾಡುತ್ತಿವೆ.

ಈ ವಿಚಾರದಲ್ಲಿ ಟೊರೊಂಟೊದಲ್ಲಿ ವಾರೆನ್ ಚಾನ್ ತಂಡ ಮಾಡಿದ ಕೆಲಸವನ್ನು ಹಲವರು ತಪ್ಪಾಗಿ ಎಳೆದು ತರುವುದುಂಟು. ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟು ಮಾಡಿ 2016ರಲ್ಲಿ ಅವರು ಹೇಳಿದ್ದು, ರಕ್ತಕ್ಕೆ ಚುಚ್ಚಿದ ನ್ಯಾನೊಕಣಗಳಲ್ಲಿ ಗೆಡ್ಡೆಯನ್ನು ಮುಟ್ಟುವುದು ಮಧ್ಯಮಾಂಕದ ಪ್ರಕಾರ ಶೇ. 0.7 ಮಾತ್ರ. ಬಹುಪಾಲನ್ನು ಯಕೃತ್ತು, ಗುಲ್ಮಗಳು ದಾರಿಯಲ್ಲೇ ಹಿಡಿದುಕೊಳ್ಳುತ್ತವೆ. ನ್ಯಾನೊವೈದ್ಯದ ಉತ್ಸಾಹಕ್ಕೆ ತಣ್ಣೀರೆರಚಿದ ಅಂಕಿ ಅದು. ಆದರೆ ಕೋಶಜೋಡಣೆಗೆ ಅದು ವಿರುದ್ಧ ಸಾಕ್ಷಿಯಲ್ಲ, ಪರವೇ. ಇಲ್ಲಿ ಕಣ ಮೈಯೊಳಗೆ ದಾರಿ ಹುಡುಕಬೇಕಾಗಿಲ್ಲ, ತಟ್ಟೆಯಲ್ಲೇ ಕೋಶದ ಹೊಟ್ಟೆ ಸೇರಿರುತ್ತದೆ. ಸೇರಿದ್ದು ಅಲ್ಲೇ ಕೊಳೆಯುತ್ತಲೂ ಇರುವುದಿಲ್ಲ. ವಿಲ್ಹೆಲ್ಮ್ ತಂಡವೇ 2016ರಲ್ಲಿ ಕಾಂಡಕೋಶಗಳ ಗುಂಡುಗಳ ಕಾಂತತೆಯನ್ನು ವಾರಗಟ್ಟಲೆ ಅಳೆದು, ಕಣಗಳ ಬಹುಭಾಗ ಕೋಶದೊಳಗೇ ಕರಗಿಹೋಗುವುದನ್ನು ಕಂಡಿತು. 2019ರಲ್ಲಿ ಇನ್ನೂ ಬೆರಗಿನ ಸಂಗತಿ: ಕರಗಿದ ಕಬ್ಬಿಣದಿಂದ ಮನುಷ್ಯನ ಕಾಂಡಕೋಶಗಳು ತಾವಾಗಿ ಹೊಸ ಕಾಂತೀಯ ಕಣಗಳನ್ನು ಕಟ್ಟಿಕೊಂಡಿದ್ದವು. ಕೋಶ ನಾವು ಕೊಟ್ಟದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಡಬ್ಬಿಯಲ್ಲ. ಆದ್ದರಿಂದ ವಿಷವೋ ಅಲ್ಲವೋ ಎಂದು ಹೌದು-ಅಲ್ಲದ ಉತ್ತರ ಕೇಳುವುದೇ ಸರಿಯಲ್ಲ. ಯಾವ ಕೋಶಕ್ಕೆ, ಎಷ್ಟು, ಎಷ್ಟು ದಿನ ಎಂದು ಕೇಳಬೇಕು.

ಇಷ್ಟೆಲ್ಲ ಕಡಿತ ಮಾಡಿದ ಮೇಲೆ ಉಳಿಯುವುದು ಸಾಸಿವೆಗಿಂತ ಚಿಕ್ಕ ಗುಂಡುಗಳಾದರೆ ಅದೇನು ದೊಡ್ಡ ಸಾಧನೆ ಎನ್ನಬಹುದು. ಒಂಟಾರಿಯೊದಲ್ಲಿ ಅಂಗಕ್ಕಾಗಿ ಕಾದಿರುವವರು ಸಾವಿರಕ್ಕೂ ಮೇಲೆ, ಅವರಲ್ಲಿ ಹೆಚ್ಚಿನವರಿಗೆ ಬೇಕಿರುವುದು ಕಿಡ್ನಿ. ಬ್ರಾಂಪ್ಟನ್, ಮಿಸಿಸಾಗದಂಥ ಊರುಗಳಲ್ಲಿ ನೆಲೆಸಿರುವ ನಮ್ಮಂಥ ದಕ್ಷಿಣ ಏಷ್ಯಾದವರಲ್ಲಿ ಸಕ್ಕರೆ ಕಾಯಿಲೆ ಉಳಿದವರಿಗಿಂತ ಹೆಚ್ಚು, ಕಿಡ್ನಿ ಕೆಡುವುದಕ್ಕೆ ಅದು ದೊಡ್ಡ ಕಾರಣ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುವವರ ಮನೆಯಲ್ಲಿ ಗುಂಡುಗಳ ಕಥೆಗೆ ಯಾರೂ ಕಿವಿಗೊಡುವುದಿಲ್ಲ, ಗೊಡಬೇಕಾಗಿಯೂ ಇಲ್ಲ. ಅವರಿಗೆ ಅಯಸ್ಕಾಂತದಿಂದ ಕಿಡ್ನಿ ಬರುತ್ತದೆಂದು ಹೇಳುವುದು ಅನ್ಯಾಯ. ಈ ಊರಿನಲ್ಲಿ ಅಂಗದ ಕೊರತೆಯನ್ನು ನಿಜವಾಗಿ ತುಸು ನೀಗಿದ್ದು ಅಂಗ ಕಟ್ಟಿದ ವಿದ್ಯೆಯಲ್ಲ. ದಾನವಾಗಿ ಬಂದ ಶ್ವಾಸಕೋಶವನ್ನು ಮೈಯಾಚೆ ಉಸಿರಾಡಿಸಿ, ತೊಳೆದು, ಪರೀಕ್ಷಿಸಿ ಕಸಿಗೆ ಒಪ್ಪಿಸುವ ಯಂತ್ರ ಅದನ್ನು ಮಾಡಿತು. ಟೊರೊಂಟೊ ಜನರಲ್ ಆಸ್ಪತ್ರೆಯಲ್ಲಿ ಶಾಫ್ ಕೇಶವ್ಜಿ ತಂಡ 2008ರಿಂದ ಅದನ್ನು ಬಳಸುತ್ತ ಬಂದಿದೆ. ಇರುವ ಅಂಗವನ್ನು ಉಳಿಸಿಕೊಳ್ಳುವ ಈ ದಾರಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ ಎಂಬುದು ನನ್ನ ದೂರು.

ಗುಂಡುಗಳ ಬೆಲೆ ಬೇರೆ ಕಡೆ ಇದೆ. 96 ಗುಳಿಗಳ ತಟ್ಟೆ, ಅದರಡಿಯಲ್ಲಿ ಅಷ್ಟೇ ಸಂಖ್ಯೆಯ ಪುಟ್ಟ ಅಯಸ್ಕಾಂತಗಳ ಹಲಗೆ: ಒಂದೇ ಗಾತ್ರದ 96 ಯಕೃತ್ ಗುಂಡುಗಳು ಕೆಲವೇ ಗಂಟೆಗಳಲ್ಲಿ ಸಿದ್ಧ. ಔಷಧಿ ಹಾಕಲು ಹಳೆಯ ದ್ರವ ಹೀರಿ ತೆಗೆಯುವಾಗ ಮಾಮೂಲಿ ಗುಂಡುಗಳು ಪಿಪೆಟ್ಟಿನೊಳಗೆ ಎದ್ದುಬಂದು ಕಳೆದುಹೋಗುತ್ತವೆ, ಕಾಂತೀಯ ಗುಂಡುಗಳು ತಳದಲ್ಲಿ ಕೂತೇ ಇರುತ್ತವೆ. ಇದು ಕೇಳಲು ಕ್ಷುಲ್ಲಕ, ಆದರೆ ತಟ್ಟೆಯ ಮುಂದೆ ದಿನವಿಡೀ ಕೂರುವವರಿಗೆ ಅಲ್ಲ. ಅಮೆರಿಕ 2022ರ ಡಿಸೆಂಬರಿನಲ್ಲಿ ಹೊಸ ಔಷಧಿಗಳಿಗೆ ಪ್ರಾಣಿಪರೀಕ್ಷೆ ಕಡ್ಡಾಯವೆಂಬ ಮಾತನ್ನು ಕಾನೂನಿನಿಂದ ತೆಗೆದುಹಾಕಿದ ಮೇಲೆ ಮನುಷ್ಯ ಕೋಶಗಳಿಂದ ಮಾಡಿದ ಇಂಥ ಮಾದರಿಗಳಿಗೆ ಬೇಡಿಕೆಯ ಬಾಗಿಲು ತೆರೆದಿದೆ. ಇಲ್ಲಿ ರಕ್ತನಾಳದ ಕೊರತೆ ಅಡ್ಡಬರುವುದಿಲ್ಲ, ಗುಂಡು ಸಣ್ಣದು. ಕಬ್ಬಿಣದ ಭಯವೂ ಇಲ್ಲ, ಅದು ಯಾರ ಮೈಗೂ ಹೋಗುವುದಿಲ್ಲ. ಒಂದೇ ಎಚ್ಚರ ಬೇಕು: ಪರೀಕ್ಷಿಸುವ ಔಷಧಿಯೇ ಕಬ್ಬಿಣದೊಡನೆ ಸೆಣಸುವಂಥದ್ದಾದರೆ ಫಲಿತಾಂಶವನ್ನು ನಂಬುವ ಹಾಗಿಲ್ಲ.

ಮನುಷ್ಯನ ಮೈಯೊಳಗೆ ಹಾಕುವ ಅಂಗಾಂಶದ ವಿಚಾರಕ್ಕೆ ಬಂದರೆ, ಮೇಲಿನ ತರ್ಕವೆಲ್ಲ ಒಂದೇ ಅಂಗಾಂಶದತ್ತ ಒಯ್ಯುತ್ತದೆ. ರಕ್ತನಾಳವೇ ಇಲ್ಲದ, ತೆಳುವಾದ, ಸಣ್ಣ ತೇಪೆಯಿಂದಲೂ ಉಪಯೋಗವಿರುವ ಅಂಗಾಂಶ ಕೀಲುಗಳ ಮೃದ್ವಸ್ಥಿ. ಅಯಸ್ಕಾಂತಕ್ಕೆ ಹೇಳಿ ಮಾಡಿಸಿದ ಕೆಲಸ ಎನ್ನಿಸುವುದು ಇಲ್ಲಿಯೇ, ಅಡ್ಡಿ ಎದುರಾಗಿರುವುದೂ ಇಲ್ಲಿಯೇ. 2004ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ ಜೆಫ್ ಬುಲ್ಟೆ ಮತ್ತು ಸಂಗಡಿಗರು, ಫೆರಿಡೆಕ್ಸ್ ಎಂಬ ಕಬ್ಬಿಣದ ಕಣಗಳನ್ನು ತಿಂದ ಕಾಂಡಕೋಶಗಳು ಕೊಬ್ಬಾಗಬಲ್ಲವು, ಮೂಳೆಯಾಗಬಲ್ಲವು, ಆದರೆ ಮೃದ್ವಸ್ಥಿಯಾಗಲು ಹಿಂಜರಿಯುತ್ತವೆ ಎಂದು ತೋರಿಸಿದರು. ಮರುವರ್ಷ ಬೇರೆ ತಂಡವೊಂದು ಕಣಗಳನ್ನು ಬೇರೆ ಸಹಾಯಕ ವಸ್ತುವಿನೊಡನೆ ಕೊಟ್ಟಾಗ ಆ ಅಡ್ಡಿ ಕಾಣಲಿಲ್ಲ ಎಂದಿತು. ಫೆರಿಡೆಕ್ಸ್ ಮಾರುಕಟ್ಟೆಯಿಂದ ಹೋಯಿತು, ಜಗಳ ಉಳಿಯಿತು. ಕಬ್ಬಿಣವನ್ನೇ ಬಿಟ್ಟು, ದ್ರವಕ್ಕೆ ಗ್ಯಾಡೊಲಿನಿಯಮ್ ಲವಣ ಬೆರೆಸಿ ಕೋಶಗಳನ್ನು ಕಾಂತಕ್ಷೇತ್ರದ ಕ್ಷೀಣ ಜಾಗಕ್ಕೆ ತಳ್ಳುವ ಉಪಾಯವೂ ಇದೆ. ಭೂಮಿಯ ಮೇಲೆ ಅದಕ್ಕೆ ಬೇಕಾಗುವಷ್ಟು ಗ್ಯಾಡೊಲಿನಿಯಮ್ ಕೋಶಗಳಿಗೆ ಒಗ್ಗುವುದಿಲ್ಲ. ರಷ್ಯದ ತಂಡವೊಂದು ತೂಕವೇ ಇಲ್ಲದ ಕಡೆ ಕಡಿಮೆ ಪ್ರಮಾಣ ಸಾಕಾದೀತೆಂದು ತನ್ನ ಜೋಡಣಾ ಯಂತ್ರವನ್ನು ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು. ಮೊದಲ ಯಂತ್ರ 2018ರ ಅಕ್ಟೋಬರಿನಲ್ಲಿ ಸೋಯುಜ್ ಉಡಾವಣೆ ಕೆಟ್ಟು ಹಾಳಾಯಿತು. ಡಿಸೆಂಬರ್ 3ರಂದು, ಕೆನಡಾದ ಗಗನಯಾತ್ರಿ ಡೇವಿಡ್ ಸೇಂಟ್-ಜಾಕ್ ಇದ್ದ ನೌಕೆಯಲ್ಲಿ, ಎರಡನೆಯದು ಮೇಲೆ ಹೋಯಿತು. ಅವರ ಜೊತೆಗಾರ ಒಲೆಗ್ ಕೊನೊನೆಂಕೊ ಅಲ್ಲಿ ಜೋಡಿಸಿದ್ದು ಮೃದ್ವಸ್ಥಿಯ ಕೋಶಗುಂಡುಗಳನ್ನೇ. ಅವು ಕೂಡಿಕೊಂಡವು ಎಂಬ ವರದಿ 2020ರಲ್ಲಿ ಬಂತು. ಮಂಡಿ ಸವೆದವರಿಗಾಗಿ ಪ್ರತಿ ತೇಪೆಯನ್ನೂ ಕಕ್ಷೆಗೆ ಕಳಿಸಲಾಗದು. ಹಾಗಾಗಿ ಮುಂದಿನ ಕೆಲಸ ನೆಲದ ಮೇಲಿನದು: ಕೋಶಗಳನ್ನು ಜೋಡಿಸಲು ಸಾಲುವಷ್ಟು, ಆದರೆ ಅವು ಮೃದ್ವಸ್ಥಿಯಾಗುವುದನ್ನು ತಡೆಯದಷ್ಟು ಕಬ್ಬಿಣ ಎಂದರೆ ಎಷ್ಟು ಪಿಕೋಗ್ರಾಂ ಎಂಬುದನ್ನು, ಅಯಸ್ಕಾಂತ ತೆಗೆದ ತಿಂಗಳುಗಳ ನಂತರವೂ ಕೀಲಿನ ಹೊರೆ ಹೊರಿಸಿ ನೋಡಿ, ಅಳೆದು ಬರೆಯುವುದು.